ಮನೆಗೆ ಯಾವ ಕಾರ್ ಚಾರ್ಜರ್? 3.3 ಕಿಲೋವ್ಯಾಟ್ ಪೋರ್ಟಬಲ್, 7.2 ಕಿಲೋವ್ಯಾಟ್ ವಾಲ್‌ಬಾಕ್ಸ್: ಹಾಸನ, ಚಿಕ್ಕಮಗಳೂರಿನ ಕರೆಂಟ್ ಬಿಲ್ ಇಟ್ಟುಕೊಂಡು ವಿಮರ್ಶೆ

ಎಲೆಕ್ಟ್ರಿಕ್ ಕಾರು ಬುಕ್ ಮಾಡುವಾಗ ಶೋರೂಮಿನವರು ತಪ್ಪದೆ ಕೇಳುತ್ತಾರೆ: "ಮನೆಗೆ 7.2ರ ವಾಲ್‌ಬಾಕ್ಸ್ ಹಾಕಿಸ್ತೀರಾ ಸರ್, ಇಲ್ಲ 15 ಆಂಪ್ ಪಾಯಿಂಟೇ ಸಾಕಾ?" ಹೆಚ್ಚು ದುಡ್ಡು ಕೊಟ್ಟರೆ ಬೇಗ ಚಾರ್ಜ್ ಆಗುತ್ತದೆ ಅನ್ನುವಷ್ಟಕ್ಕೆ ಅಲ್ಲಿ ಮಾತು ಮುಗಿಯುತ್ತದೆ. ಆ ಪೆಟ್ಟಿಗೆ ಗೋಡೆಗೆ ಬಂದ ಮೇಲೆ ಪ್ರತಿ ತಿಂಗಳ ಬಿಲ್ಲಿನಲ್ಲಿ ಏನು ಬದಲಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಇಲ್ಲಿ ಆ ವಾಲ್‌ಬಾಕ್ಸನ್ನೂ, 15 ಆಂಪ್ ಪಾಯಿಂಟಿಗೆ ಚುಚ್ಚುವ 3.3ರ ಪೋರ್ಟಬಲ್ ಚಾರ್ಜರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಾಸನ ಜಿಲ್ಲೆಗೆ ಕರೆಂಟು ಕೊಡುವುದು ಮೈಸೂರು ಕೇಂದ್ರದ ಸೆಸ್ಕ್, ಚಿಕ್ಕಮಗಳೂರಿಗೆ ಮಂಗಳೂರು ಕೇಂದ್ರದ ಮೆಸ್ಕಾಂ. ಕಂಪನಿ ಬೇರೆಯಾದರೂ ಮನೆ ಬಳಕೆಯ ದರ ಎರಡೂ ಕಡೆ ಒಂದೇ, ಹಾಗಾಗಿ ಈ ಲೆಕ್ಕ ಎರಡೂ ಜಿಲ್ಲೆಗೆ ಹೊಂದುತ್ತದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಿಂಗಳಿಗೆ 1,500 ಕಿಲೋಮೀಟರ್ ಒಳಗೆ ಓಡಿಸುವ ಮನೆಗೆ ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ ಸಾಕು. ಆದರೆ ಅದಕ್ಕೆ ಪ್ರತ್ಯೇಕ ವೈರ್ ಎಳೆಸಿ, ಅರ್ತಿಂಗ್ ಸರಿ ಮಾಡಿಸಲೇಬೇಕು. ಸುಮಾರು 50,000 ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುವ 7.2 ಕಿಲೋವ್ಯಾಟ್ ವಾಲ್‌ಬಾಕ್ಸ್ ಒಳ್ಳೆಯ ಸಾಧನವೇ, ಅದರ ಗುಣಮಟ್ಟದ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಎರಡು ಜಿಲ್ಲೆಗಳ ಬಹುಪಾಲು ಮನೆಗಳಿಗೆ ಅದು ಪ್ರತಿ ತಿಂಗಳೂ ಸುಮ್ಮನೆ ದುಡ್ಡು ತಿನ್ನುತ್ತದೆ. ಯಾಕೆ ಅನ್ನುವುದು ಬಿಲ್ಲಿನಲ್ಲೇ ಇದೆ.

ಒಂದು ಯೂನಿಟ್‌ಗೆ ನಿಜವಾಗಿ ಎಷ್ಟು

2025–26ರ ದರದ ಪ್ರಕಾರ ಮನೆ ಬಳಕೆಗೆ ಯೂನಿಟ್‌ಗೆ 5.80 ರೂ. ಈಗ ಮೊದಲಿನಂತೆ ಸ್ಲ್ಯಾಬ್ ಇಲ್ಲ, ಮೊದಲನೇ ಯೂನಿಟ್‌ಗೂ ಮುನ್ನೂರನೇ ಯೂನಿಟ್‌ಗೂ ಅದೇ ದರ. ಇದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್ 36 ಪೈಸೆ. 5.80ರ ಮೇಲೆ ಶೇ 9 ತೆರಿಗೆ, ಅದು 52 ಪೈಸೆ. ಒಟ್ಟು 6.68 ರೂ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಅದನ್ನು ಹೊರಗಿಟ್ಟಿದ್ದೇನೆ. ನಿಮ್ಮ ಬಿಲ್ಲಿನಲ್ಲಿ ದರ ಬದಲಾಗಿದ್ದರೆ 6.68ರ ಜಾಗಕ್ಕೆ ಅದನ್ನು ಹಾಕಿಕೊಳ್ಳಿ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಸಾಮಾನ್ಯ ಮನೆ ಮೀಟರ್‌ಗೆ ಹಗಲು ಒಂದು ದರ, ರಾತ್ರಿ ಒಂದು ದರ ಅಂತ ಇಲ್ಲ. ರಾತ್ರಿ ಚಾರ್ಜ್ ಮಾಡಿದರೆ ಅಗ್ಗ ಅನ್ನುವ ಮಾತು ಇಲ್ಲಿಗೆ ಹೊಂದುವುದಿಲ್ಲ. ರಾತ್ರಿ ಮಾಡಬೇಕಾದ ಕಾರಣ ಬೇರೆ, ಅದು ಮುಂದೆ ಬರುತ್ತದೆ.

ಇನ್ನು ಕಾರು ಎಷ್ಟು ಕುಡಿಯುತ್ತದೆ. 25ರಿಂದ 40 ಕಿಲೋವ್ಯಾಟ್-ಅವರ್ (ಅಂದರೆ ಅಷ್ಟೇ ಯೂನಿಟ್) ಬ್ಯಾಟರಿಯ ಸಣ್ಣ ಮತ್ತು ಮಧ್ಯಮ ಕಾರುಗಳು ನಮ್ಮ ರಸ್ತೆಗಳಲ್ಲಿ ಬ್ಯಾಟರಿಯ ಒಂದು ಯೂನಿಟ್‌ಗೆ 7ರಿಂದ 8 ಕಿಲೋಮೀಟರ್ ಓಡುತ್ತವೆ. ಏಳೂವರೆ ಹಿಡಿಯೋಣ. 1,000 ಕಿಲೋಮೀಟರ್‌ಗೆ ಬ್ಯಾಟರಿಯಿಂದ ಖರ್ಚಾಗುವುದು 133 ಯೂನಿಟ್. ಆದರೆ ಮೀಟರ್ ಓಡುವುದು ಅಷ್ಟಕ್ಕೇ ಅಲ್ಲ. ಗೋಡೆಯ ಎಸಿ ಕರೆಂಟನ್ನು ಬ್ಯಾಟರಿಯ ಡಿಸಿ ಮಾಡುವಾಗ ಕಾರಿನೊಳಗಿನ ಚಾರ್ಜರ್ ಬಿಸಿಯಾಗಿ ಒಂದಿಷ್ಟು ಹೋಗುತ್ತದೆ. ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರ್, ಕೂಲಂಟ್ ಪಂಪ್, 12 ವೋಲ್ಟ್ ಬ್ಯಾಟರಿ ಎಲ್ಲ ಸೇರಿ ಸುಮಾರು 200 ವ್ಯಾಟ್ ಎಳೆಯುತ್ತಿರುತ್ತವೆ. ಇದೆಲ್ಲ ಸೇರಿದರೆ ನಿಧಾನದ ಚಾರ್ಜಿಂಗ್‌ನಲ್ಲಿ 1,000 ಕಿಲೋಮೀಟರ್‌ಗೆ ಮೀಟರಿನಲ್ಲಿ ಸುಮಾರು 155 ಯೂನಿಟ್ ಓಡುತ್ತದೆ.

155 ಯೂನಿಟ್, 6.68ರಂತೆ 1,035 ರೂಪಾಯಿ. ಕಿಲೋಮೀಟರ್‌ಗೆ ಒಂದು ರೂಪಾಯಿ ನಾಲ್ಕು ಪೈಸೆ. ಲೀಟರ್ 103 ರೂಪಾಯಿ ಪೆಟ್ರೋಲು, 15 ಕಿಲೋಮೀಟರ್ ಮೈಲೇಜ್ ಅಂದರೆ ಕಿಲೋಮೀಟರ್‌ಗೆ 6.87 ರೂ. ವ್ಯತ್ಯಾಸ ದೊಡ್ಡದು. ಕಾರು ಮಾರುವವರು ತೋರಿಸುವ ಚೀಟಿ ಇಲ್ಲಿಗೇ ನಿಲ್ಲುತ್ತದೆ. ನಮ್ಮ ಮನೆಗಳ ಬಿಲ್ ಇಲ್ಲಿಗೆ ನಿಲ್ಲುವುದಿಲ್ಲ.

ಗೃಹಜ್ಯೋತಿ ಇರುವ ಮನೆಯಲ್ಲಿ

ಗೃಹಜ್ಯೋತಿಯ ನಿಯಮ ಎಲ್ಲರಿಗೂ ಅರ್ಧ ಗೊತ್ತು. 2022–23ರ ನಿಮ್ಮ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಉಚಿತ ಮಿತಿ ಕಟ್ಟಿರುತ್ತಾರೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇಕಡಾವಾರು ಬದಲು ನೇರ 10 ಯೂನಿಟ್. ಮಿತಿ ದಾಟಿದರೂ 200 ಯೂನಿಟ್ ಒಳಗಿದ್ದರೆ ದಾಟಿದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿತೋ, ಮೊದಲನೇ ಯೂನಿಟ್‌ನಿಂದ ಹಿಡಿದು ಪೂರ್ತಿ ಬಿಲ್, ನಿಗದಿತ ಶುಲ್ಕವೂ ಸೇರಿ. ಕಾರು ಮನೆಗೆ ಬಂದಾಗ ಪೆಟ್ಟು ಬೀಳುವುದು ಈ ಕೊನೆಯ ಸಾಲಿನಿಂದ.

ನಾಲ್ಕು ಜನರ ಒಂದು ಮನೆ, ಮಂಜೂರಾದ ಲೋಡ್ 3 ಕಿಲೋವ್ಯಾಟ್. ಉಚಿತ ಮಿತಿ 143 ಯೂನಿಟ್, ಬಳಕೆ 135. ಇವತ್ತಿನ ಬಿಲ್ ಸೊನ್ನೆ. ಈ ಮನೆಗೆ ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರು ಬಂತು. 135ಕ್ಕೆ 155 ಸೇರಿ 290 ಯೂನಿಟ್. 290ನ್ನು 6.68ರಿಂದ ಗುಣಿಸಿದರೆ 1,937. ಅದೇ 2025–26ರ ದರದಲ್ಲಿ ಕಿಲೋವ್ಯಾಟ್‌ಗೆ 145ರಂತೆ 3 ಕಿಲೋವ್ಯಾಟ್‌ನ ನಿಗದಿತ ಶುಲ್ಕ 435. ಒಟ್ಟು 2,372 ರೂಪಾಯಿ. ಮೊದಲು ಸೊನ್ನೆ ಇದ್ದದ್ದರಿಂದ ಈ ಇಡೀ ಮೊತ್ತ ಕಾರಿನ ಲೆಕ್ಕಕ್ಕೇ ಹೋಗಬೇಕು. ಅಂದರೆ ಕಾರಿಗೆ ಕುಡಿಸಿದ ಒಂದೊಂದು ಯೂನಿಟ್‌ಗೆ 15.30 ರೂ., ಕಿಲೋಮೀಟರ್‌ಗೆ 2.37 ರೂ. ಪೆಟ್ರೋಲಿಗಿಂತ ಈಗಲೂ ಅಗ್ಗವೇ. ಆದರೆ ಒಂದು ರೂಪಾಯಿ ಅಂತ ನಂಬಿ ಕಾರು ಕೊಂಡವರಿಗೆ ಇದು ಎರಡು ಪಟ್ಟಿಗೂ ಮಿಕ್ಕಿದ ಖರ್ಚು.

ಇಬ್ಬರೇ ಇರುವ ಮನೆ, ಮಿತಿ 50 ಯೂನಿಟ್, ಬಳಕೆ 45 ಅಂದುಕೊಳ್ಳಿ. ಅಲ್ಲಿ 155 ಸೇರಿದರೆ ಸರಿಯಾಗಿ 200ಕ್ಕೆ ಬಂದು ನಿಲ್ಲುತ್ತದೆ. ಮಿತಿ ಮೀರಿದ 150 ಯೂನಿಟ್‌ಗೆ ಸುಮಾರು 1,002 ರೂಪಾಯಿ. ಮೀಟರ್ 201 ತೋರಿಸಿದರೆ ಪೂರ್ತಿ ಬಿಲ್, ಸುಮಾರು 1,778. ಆ ಒಂದು ಯೂನಿಟ್‌ನ ಬೆಲೆ ಸುಮಾರು 775 ರೂಪಾಯಿ. ಇಂಥ ಮನೆಯವರು ಮೀಟರ್ ರೀಡಿಂಗ್‌ಗೆ ಬರುವ ದಿನ ಗೊತ್ತು ಮಾಡಿಕೊಂಡು, ಅದಕ್ಕೆ ನಾಲ್ಕೈದು ದಿನ ಮೊದಲು ಮೀಟರ್ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು. 190ರ ಹತ್ತಿರ ಇದ್ದರೆ ಆ ವಾರ ಕಾರನ್ನು ಅರ್ಧಕ್ಕೇ ನಿಲ್ಲಿಸಿ, ರೀಡಿಂಗ್ ಆದ ರಾತ್ರಿ ತುಂಬಿಸಿದರಾಯಿತು.

ಮೊದಲೇ 200 ದಾಟಿ ಪೂರ್ತಿ ಬಿಲ್ ಕಟ್ಟುತ್ತಿರುವ ಮನೆಗಳಿಗೆ ಈ ತಲೆನೋವಿಲ್ಲ. ಅವರಿಗೆ ಕಾರಿನ ಖರ್ಚು ಮೇಲೆ ಹೇಳಿದ 1,035 ರೂಪಾಯಿ ಮಾತ್ರ.

ಹಾಗಾದರೆ ನಾಲ್ಕು ಜನರ ಮನೆಯವರು ಏನು ಮಾಡಬೇಕು? ಕಾರಿಗೇ ಬೇರೆ ಮೀಟರ್ ಹಾಕಿಸಿಕೊಳ್ಳುವ ದಾರಿ ಇದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ಕೇಂದ್ರ ಸರ್ಕಾರ 2024ರಲ್ಲಿ ತಂದ ತಿದ್ದುಪಡಿಯಲ್ಲಿ, ಇವಿ (ಎಲೆಕ್ಟ್ರಿಕ್ ವಾಹನ) ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೇಳುವ ಅವಕಾಶ ಸ್ಪಷ್ಟವಾಗಿದೆ. ಅರ್ಜಿ ಪೂರ್ತಿಯಾದ ಮೇಲೆ ಮಹಾನಗರ ಬಿಟ್ಟು ಉಳಿದ ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನ, ಗುಡ್ಡಗಾಡಿನ ಹಳ್ಳಿಗಳಲ್ಲಿ 30 ದಿನದೊಳಗೆ ಸಂಪರ್ಕ ಕೊಡಬೇಕು. ರಾಜ್ಯದ ದರಪಟ್ಟಿಯಲ್ಲಿ ಇವಿ ಚಾರ್ಜಿಂಗ್‌ಗೆ ಎಲ್‌ಟಿ-6(ಸಿ) ಅನ್ನುವ ಬೇರೆ ವರ್ಗ ಇದೆ. 2023ರ ಆದೇಶದಲ್ಲಿ ಅದರ ದರ ಯೂನಿಟ್‌ಗೆ 4.50 ರೂ. ಆ ದರ ಹಿಡಿದರೆ 155 ಯೂನಿಟ್‌ಗೆ ತೆರಿಗೆ, ಸರ್ಚಾರ್ಜ್ ಸೇರಿ ಸುಮಾರು 816 ರೂಪಾಯಿ. ನಿಗದಿತ ಶುಲ್ಕವನ್ನು ಮನೆಯ ದರದಷ್ಟೇ ಹಾಕಿ ನೋಡಿದರೂ 1,251. ಮನೆಯ ಮೀಟರ್ 135ರಲ್ಲೇ ಉಳಿದು ಗೃಹಜ್ಯೋತಿಯೂ ಉಳಿಯುತ್ತದೆ. 2,372 ಎಲ್ಲಿ, 1,251 ಎಲ್ಲಿ! ತಿಂಗಳಿಗೆ 1,100 ರೂಪಾಯಿ ಮಿಕ್ಕುತ್ತದೆ.

ಸೆಕ್ಷನ್ ಕಚೇರಿಗೆ ಹೋಗುವಾಗ ಮನೆಯ ಆರ್‌ಆರ್ ನಂಬರ್, ಕಾರಿನ ಆರ್‌ಸಿ, ಖಾತೆ, ಕಂದಾಯ ರಸೀದಿ, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಕೊಟ್ಟ ವೈರಿಂಗ್ ವರದಿ ಇಟ್ಟುಕೊಳ್ಳಿ. ಹೊಸ ಸಂಪರ್ಕಕ್ಕೆ ಓಸಿ (ಕಟ್ಟಡದ ಸ್ವಾಧೀನ ಪ್ರಮಾಣಪತ್ರ) ಕೇಳುವ ಪದ್ಧತಿ ಬಂದಿರುವುದರಿಂದ ಮನೆಗೆ ಅದು ಇದೆಯೋ, ನಿಮ್ಮ ಸೈಟಿನ ಅಳತೆಗೆ ವಿನಾಯಿತಿ ಇದೆಯೋ ಅಂತ ಮೊದಲೇ ವಿಚಾರಿಸಿ. ಕೌಂಟರಿನಲ್ಲಿ "ಮನೆ ಮೀಟರಿಗೇ ಲೋಡ್ ಜಾಸ್ತಿ ಮಾಡಿಸಿಕೊಳ್ಳಿ" ಅನ್ನುವ ಸಲಹೆ ಬಂದರೆ ಕೂಡಲೇ ಒಪ್ಪಬೇಡಿ. ಯಾಕೆ ಅಂತ ಈಗ ನೋಡಿ.

ವಾಲ್‌ಬಾಕ್ಸ್ ಎಲ್ಲಿ ದುಬಾರಿಯಾಗುತ್ತದೆ

7.2 ಕಿಲೋವ್ಯಾಟ್ ವಾಲ್‌ಬಾಕ್ಸ್ ಓಡುವಾಗ 32 ಆಂಪ್ ಎಳೆಯುತ್ತದೆ. 3 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ಅದನ್ನು ಹಾಗೇ ಹಾಕಿ ಓಡಿಸಲಾಗದು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಎಂಡಿ ಅಂತ ಒಂದು ಅಂಕಿ ಬರುತ್ತದೆ, ಆ ತಿಂಗಳ ಅತಿ ಹೆಚ್ಚಿನ ಬೇಡಿಕೆ ಅದು. ಕೆಲವು ನಿಮಿಷಗಳ ಸರಾಸರಿ ತೆಗೆದುಕೊಳ್ಳುವುದರಿಂದ ಮೋಟಾರ್ ಶುರುವಾಗುವ ಕ್ಷಣದ ಎಳೆತ ಅದರಲ್ಲಿ ಕಾಣುವುದಿಲ್ಲ. ಗಂಟೆಗಟ್ಟಲೆ ಎಳೆಯುವ ಕಾರು ಮಾತ್ರ ತಪ್ಪದೆ ಕಾಣುತ್ತದೆ. ಮಂಜೂರಾದ ಲೋಡ್ ಮೀರಿದರೆ ಮೊದಲು ದಂಡದ ಸಾಲು, ಆಮೇಲೆ ಲೋಡ್ ಏರಿಸಿಕೊಳ್ಳಿ ಅನ್ನುವ ನೋಟಿಸು. ಹಾಗಾಗಿ 7.2 ಬೇಕು ಅಂದರೆ, ಆಂಪ್ ಸ್ವಲ್ಪ ಇಳಿಸಿ ಓಡಿಸಿದರೂ ಲೋಡ್ ಕನಿಷ್ಠ 7 ಕಿಲೋವ್ಯಾಟ್‌ಗೆ ಏರಿಸಬೇಕು. ಹೆಚ್ಚಿದ 4 ಕಿಲೋವ್ಯಾಟ್‌ಗೆ ತಿಂಗಳಿಗೆ 580 ರೂಪಾಯಿ. ಕಾರು ಶೆಡ್ಡಿನಲ್ಲಿ ನಿಂತಿದ್ದರೂ 580, ಊರಿಗೆ ಹೋಗಿ ತಿಂಗಳು ಬೀಗ ಹಾಕಿದ್ದರೂ 580.

ವಾಲ್‌ಬಾಕ್ಸ್ ಪರವಾಗಿ ಒಂದು ಮಾತು ನಿಜ. ಅದರಲ್ಲಿ ನಷ್ಟ ಕಡಿಮೆ. ಆ 200 ವ್ಯಾಟ್ ಎಳೆತ ಹತ್ತು ಗಂಟೆಯ ಬದಲು ಮೂರು ಗಂಟೆ ಮಾತ್ರ ಇರುತ್ತದೆ. ಸಾವಿರ ಕಿಲೋಮೀಟರ್‌ಗೆ 155ರ ಬದಲು ಸುಮಾರು 145 ಯೂನಿಟ್ ಸಾಕು. ಉಳಿತಾಯ 10 ಯೂನಿಟ್, 67 ರೂಪಾಯಿ. 67 ಉಳಿಸಲು 580 ಕೊಟ್ಟ ಹಾಗಾಯಿತು. ಪೂರ್ತಿ ಬಿಲ್ ಕಟ್ಟುವ ಮನೆಯಲ್ಲಿ ಕಾರಿನ ಖರ್ಚು 1,035ರಿಂದ 1,549ಕ್ಕೆ ಏರುತ್ತದೆ. ಗೃಹಜ್ಯೋತಿ ಕಳೆದುಕೊಂಡ ಆ ನಾಲ್ಕು ಜನರ ಮನೆಯಲ್ಲಿ ಬಿಲ್ 2,885, ಕಾರಿಗೆ ಕುಡಿಸಿದ ಯೂನಿಟ್‌ಗೆ ಹತ್ತಿರ ಹತ್ತಿರ 20 ರೂಪಾಯಿ. ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜರ್‌ಗಳಲ್ಲಿ ಜಿಎಸ್‌ಟಿ ಸೇರಿ ಯೂನಿಟ್‌ಗೆ ಸಾಮಾನ್ಯವಾಗಿ 18ರಿಂದ 25 ರೂಪಾಯಿ ಇರುತ್ತದೆ. ಸ್ವಂತ ಮನೆಯಲ್ಲಿ ಹೆದ್ದಾರಿ ದರ ಕಟ್ಟುವುದಕ್ಕೆ 50,000 ಕೊಟ್ಟು ಪೆಟ್ಟಿಗೆ ಯಾಕೆ ಹಾಕಿಸಬೇಕು?

ಯಾರಿಗೆ ವಾಲ್‌ಬಾಕ್ಸ್ ಬೇಕು ಅಂದರೆ, ದಿನಕ್ಕೆ 150 ಕಿಲೋಮೀಟರ್ ಮೀರಿ ಓಡಿಸುವವರಿಗೆ, ಮನೆಯಲ್ಲಿ ಎರಡು ಎಲೆಕ್ಟ್ರಿಕ್ ಕಾರು ಇರುವವರಿಗೆ, ಮತ್ತು ರಾತ್ರಿ ಮೂರ್ನಾಲ್ಕು ಗಂಟೆ ಮಾತ್ರ ನೆಟ್ಟಗೆ ಕರೆಂಟು ಸಿಗುವ ತೋಟದ ಮನೆಗಳಿಗೆ. ಈ ಕೊನೆಯದು ಮೂಡಿಗೆರೆ, ಸಕಲೇಶಪುರ ಕಡೆಯ ಮಳೆಗಾಲದಲ್ಲಿ ಗಟ್ಟಿ ಕಾರಣವೇ. ಕೊಳ್ಳುವುದಾದರೆ ಆಂಪ್ ಇಳಿಸುವ ಸೌಲಭ್ಯ ಇರುವುದನ್ನೇ ಕೊಳ್ಳಿ, ಮತ್ತು ಕರೆಂಟು ಹೋಗಿ ಬಂದಾಗ ತಾನಾಗಿ ಮತ್ತೆ ಶುರುವಾಗುತ್ತದೆಯೇ ಅಂತ ಅಂಗಡಿಯಲ್ಲೇ ಕೇಳಿ. ಕೆಲವು ಬಾಕ್ಸ್‌ಗಳಿಗೆ ಮತ್ತೆ ಕಾರ್ಡ್ ತೋರಿಸಬೇಕಾಗುತ್ತದೆ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೆ ಕಾರ್ಡ್ ತೋರಿಸಲು ಯಾರು ಎದ್ದು ಹೋಗುತ್ತಾರೆ?

ಪೋರ್ಟಬಲ್ ಚಾರ್ಜರ್: 10 ಆಂಪ್ ಸಾಕು

3.3 ಕಿಲೋವ್ಯಾಟ್ ಅನ್ನುವುದು ಮೇಲ್ಮಿತಿ. ಆಂಪ್ ಆಯ್ಕೆ ಇರುವ ಪೋರ್ಟಬಲ್ ಚಾರ್ಜರ್‌ನಲ್ಲಾಗಲಿ ಕಾರಿನ ಪರದೆಯಲ್ಲಾಗಲಿ 10 ಆಂಪ್‌ಗೆ ಇಟ್ಟರೆ ಎಳೆತ 2.3 ಕಿಲೋವ್ಯಾಟ್. ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಹತ್ತು ಗಂಟೆಯಲ್ಲಿ ಮೀಟರಿನಲ್ಲಿ 23 ಯೂನಿಟ್, ಬ್ಯಾಟರಿಗೆ 19ರಿಂದ 20. ಅದು 140–150 ಕಿಲೋಮೀಟರ್. ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೋಗಿ ಬಂದರೂ ಸುಮಾರು 120. ದಿನವೂ ಅಷ್ಟು ಓಡಿಸುವವರು ಎಷ್ಟು ಜನ? ಫ್ರಿಜ್ಜು, ಫ್ಯಾನು ಸೇರಿದರೂ ಮನೆ 3 ಕಿಲೋವ್ಯಾಟ್ ಒಳಗೇ ಉಳಿಯುತ್ತದೆ, ಲೋಡ್ ಏರಿಸುವ ಪ್ರಶ್ನೆಯೇ ಬರುವುದಿಲ್ಲ. ಎಚ್ಚರ ಬೇಕಾದದ್ದು ಬೆಳಿಗ್ಗೆಯ ಗೀಸರ್ ವಿಚಾರದಲ್ಲಿ. 2 ಕಿಲೋವ್ಯಾಟ್ ಗೀಸರ್ ಹಾಕುವ ಮೊದಲು ಕಾರು ನಿಂತಿರಬೇಕು. ಕಾರಿನ ಟೈಮರ್‌ನಲ್ಲಿ ಐದೂವರೆಗೆ ನಿಲ್ಲುವ ಹಾಗೆ ಹಾಕಿಬಿಡಿ. ರಾತ್ರಿ ಚಾರ್ಜ್ ಮಾಡಬೇಕು ಅನ್ನುವುದಕ್ಕೆ ಇದೊಂದು ಕಾರಣ, ವೋಲ್ಟೇಜ್ ಇನ್ನೊಂದು.

ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಮನೆಗಳಲ್ಲಿ ಸಂಜೆ 6ರಿಂದ 10ರವರೆಗೆ ವೋಲ್ಟೇಜ್ 190ಕ್ಕೆ ಇಳಿಯುವುದು ಹೊಸದಲ್ಲ. ಚಾರ್ಜರ್ ಆಂಪ್ ಹೆಚ್ಚಿಸಿಕೊಳ್ಳುವುದಿಲ್ಲ, ಹಾಗಾಗಿ 10 ಆಂಪ್‌ನಲ್ಲಿ 1.9 ಕಿಲೋವ್ಯಾಟ್ ಮಾತ್ರ ಬರುತ್ತದೆ, ಆ 200 ವ್ಯಾಟ್ ನಷ್ಟ ಮಾತ್ರ ಹಾಗೇ ಇರುತ್ತದೆ. ಇನ್ನೂ ಇಳಿದರೆ ಚಾರ್ಜಿಂಗ್ ನಿಂತೇ ಹೋಗುತ್ತದೆ. 11 ಗಂಟೆ ಮೇಲೆ ಲೈನಿನ ಮೇಲಿನ ಭಾರ ಇಳಿದು ವೋಲ್ಟೇಜ್ ಏರುತ್ತದೆ. ಕಡೂರು, ಅರಸೀಕೆರೆ ಕಡೆ ರಾತ್ರಿ ಪಂಪ್‌ಸೆಟ್‌ಗೆ ತ್ರೀಫೇಸ್ ಕೊಡುವ ಊರುಗಳಲ್ಲಿ ಇದು ತಿರುಗುಮುರುಗಾಗಬಹುದು. ಅಲ್ಲಿ ಎರಡು ರಾತ್ರಿ ಪ್ಲಗ್ಗಿನ ವೋಲ್ಟ್‌ಮೀಟರ್ ಹಾಕಿ ನೋಡಿಕೊಂಡೇ ಸಮಯ ಗೊತ್ತು ಮಾಡಿ.

ಪಂಪ್‌ಸೆಟ್ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ನೀರಾವರಿ ಪಂಪ್‌ಸೆಟ್ಟಿನ ಉಚಿತ ಲೈನಿನಿಂದ ಕಾರು ಚಾರ್ಜ್ ಮಾಡುವುದು ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 126ರ ಪ್ರಕಾರ ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ಎರಡು ಪಟ್ಟು ದರದಲ್ಲಿ ಹಿಂದಿನ ತಿಂಗಳುಗಳನ್ನೂ ಸೇರಿಸಿ ಬಿಲ್ ಬರುತ್ತದೆ.

ವೈರ್, ಸಾಕೆಟ್, ಅರ್ತ್

ಪೋರ್ಟಬಲ್ ಚಾರ್ಜರ್‌ಗೆ ಕೆಟ್ಟ ಹೆಸರು ಬಂದಿರುವುದು ಚಾರ್ಜರ್‌ನಿಂದ ಅಲ್ಲ, ಅದನ್ನು ಚುಚ್ಚುವ ಸಾಕೆಟ್‌ನಿಂದ. ಗೀಸರ್ ಪಾಯಿಂಟ್ 15 ಆಂಪ್ ಅಂತ ಬರೆದಿರುತ್ತದೆ ನಿಜ, ಆದರೆ ಗೀಸರ್ ಓಡುವುದು ಇಪ್ಪತ್ತು ನಿಮಿಷ. ಕಾರು ಓಡುವುದು ಹತ್ತು ಗಂಟೆ. ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿ, ಪಿನ್ ಮುಟ್ಟುವ ಜಾಗದಲ್ಲಿ 0.1 ಓಮ್ ತಡೆ ಉಂಟಾಯಿತು ಅನ್ನಿ. 13 ಆಂಪ್ ಹರಿದರೆ ಆ ಕಡಲೆಕಾಳಿನಷ್ಟು ಜಾಗದಲ್ಲಿ 17 ವ್ಯಾಟ್ ಶಾಖ ಹುಟ್ಟುತ್ತದೆ, ಸಣ್ಣ ಸೋಲ್ಡರಿಂಗ್ ಐರನ್ನಿನಷ್ಟು. ಮೊದಲು ಪ್ಲಗ್ಗಿನ ಒಂದು ಪಿನ್ ಸುತ್ತ ಬಿಳಿ ಪ್ಲಾಸ್ಟಿಕ್ ಚಹಾ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಮೀನಿನ ವಾಸನೆಯಂಥ ಕಮಟು. ಆಮೇಲೆ ಪಿನ್ ಸಾಕೆಟ್ಟಿಗೇ ಅಂಟಿಕೊಂಡು ಕಿತ್ತರೂ ಬರುವುದಿಲ್ಲ. ಚಹಾ ಬಣ್ಣ ಕಂಡ ದಿನವೇ ಸಾಕೆಟ್ ಬದಲಿಸಿ, ಪ್ಲಗ್ ಪಿನ್‌ಗಳನ್ನೂ ಉಜ್ಜಿ ಸ್ವಚ್ಛ ಮಾಡಿ. 13ರ ಬದಲು 10 ಆಂಪ್ ಇಟ್ಟರೆ ಅದೇ ಜಾಗದ ಶಾಖ 17ರಿಂದ 10 ವ್ಯಾಟ್‌ಗೆ ಇಳಿಯುತ್ತದೆ, ಅದೂ ಒಂದು ಲಾಭ.

ಮಾಡಿಸಬೇಕಾದದ್ದು ಹೀಗೆ. ಮನೆಯ ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆ) ನೇರ ಶೆಡ್ಡಿಗೆ ಬೇರೆ ಲೈನು, ನಡುವೆ ಎಲ್ಲೂ ಜಾಯಿಂಟ್ ಇಲ್ಲದೆ. ತಾಮ್ರದ 4 ಸ್ಕ್ವೇರ್ ಎಂಎಂ ವೈರು, ಅರ್ತಿಗೂ ಅದೇ ಅಳತೆ. 20 ಆಂಪ್ ಸಿ-ಕರ್ವ್ ಎಂಸಿಬಿ, ಅದರ ಜೊತೆ ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪ್ ಟೈಪ್-ಎ ಆರ್‌ಸಿಸಿಬಿ. ಸಾಮಾನ್ಯವಾಗಿ ಅಂಗಡಿಯಲ್ಲಿ ಕೊಡುವುದು ಟೈಪ್-ಎಸಿ. ಕಾರಿನ ಚಾರ್ಜರ್‌ನಿಂದ ಸೋರುವ ಕರೆಂಟಿನಲ್ಲಿ ಡಿಸಿ ಅಂಶವೂ ಇರುವುದರಿಂದ ಟೈಪ್-ಎಸಿ ಅದನ್ನು ಸರಿಯಾಗಿ ಗುರುತಿಸುವುದಿಲ್ಲ. ಡಬ್ಬಿಯ ಮೇಲೆ ಅಕ್ಷರ ಓದಿಯೇ ತನ್ನಿ. ಮಾಮೂಲಿ ಸಾಕೆಟ್ಟಿನ ಬದಲು ಕಾರ್ಖಾನೆಗಳಲ್ಲಿ ಬಳಸುವ ನೀಲಿ ಬಣ್ಣದ ದುಂಡನೆಯ 16 ಆಂಪ್ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿದರೆ ಹಿಡಿತ ಬಿಗಿ, ಮುಚ್ಚಳವೂ ಇರುತ್ತದೆ. ಆದರೆ ಚಾರ್ಜರ್‌ನ ಪ್ಲಗ್ ಕತ್ತರಿಸಿ ಬದಲಿಸಿದರೆ ವಾರಂಟಿ ಹೋಗುತ್ತದೆ. ಅದಕ್ಕೊಪ್ಪುವ ಒಂದಡಿಯ ತುಂಡು ವೈರಿನ ಕನೆಕ್ಟರ್ ಮಾಡಿಸಿಕೊಳ್ಳುವುದಾದರೆ ಅದನ್ನೂ 4 ಸ್ಕ್ವೇರ್‌ನಲ್ಲೇ ಮಾಡಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ.

ಮಲೆನಾಡಿನ ಮನೆಗಳಲ್ಲಿ ಕಾರು ಶೆಡ್ಡು ಮನೆಯಿಂದ ದೂರ ಇರುತ್ತದೆ. 30 ಮೀಟರ್ ದೂರಕ್ಕೆ 4 ಸ್ಕ್ವೇರ್‌ನಲ್ಲಿ 13 ಆಂಪ್ ಹರಿದರೆ ದಾರಿಯಲ್ಲಿ ನಷ್ಟ 50 ವ್ಯಾಟ್, ಪರವಾಗಿಲ್ಲ. ಅದೇ ವೈರಿನಲ್ಲಿ ವಾಲ್‌ಬಾಕ್ಸಿನ 32 ಆಂಪ್ ಹರಿಸಿದರೆ ನಷ್ಟ 300 ವ್ಯಾಟ್. ವಾಲ್‌ಬಾಕ್ಸ್‌ಗೆ ಹತ್ತಿರದ ದೂರಕ್ಕೆ 6 ಸ್ಕ್ವೇರ್, 20 ಮೀಟರ್ ಮೇಲೆ 10 ಸ್ಕ್ವೇರ್ ಬೇಕು, 40 ಆಂಪ್ ಎಂಸಿಬಿ ಬೇಕು. ಪೆಟ್ಟಿಗೆಯ ಬೆಲೆ ಹೇಳುವವರು ಈ ತಾಮ್ರದ ಬೆಲೆ ಹೇಳುವುದಿಲ್ಲ.

ಅರ್ತ್ ವಿಚಾರದಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಜೀವದ ಪ್ರಶ್ನೆ ಇದು. ಚಾರ್ಜರ್ ಮೊದಲು ಅರ್ತ್ ಇದೆಯೇ ಅಂತ ಪರೀಕ್ಷೆ ಮಾಡುತ್ತದೆ, ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಚಿಕ್ಕಮಗಳೂರಿನ ಗುಡ್ಡದ ಗರಸು ಮಣ್ಣಿನಲ್ಲಿ ಫೆಬ್ರವರಿಯಿಂದ ಮೇ ತನಕ ನೀರಿನಂಶ ಪೂರ್ತಿ ಇಳಿದು ಅರ್ತಿನ ತಡೆ ಏರುತ್ತದೆ. ಮಳೆಗಾಲದಲ್ಲಿ ಸರಿಯಾಗಿ ಓಡಿದ ಚಾರ್ಜರ್ ಮಾರ್ಚ್‌ನಲ್ಲಿ ಕೆಂಪು ದೀಪ ತೋರಿಸಿದರೆ ಕಾರಿನಲ್ಲಿ ದೋಷ ಹುಡುಕುವ ಮೊದಲು ಅರ್ತ್ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ ನೋಡಿ. ಮಲ್ಟಿಮೀಟರ್‌ನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 2–3 ವೋಲ್ಟ್ ಒಳಗಿರಬೇಕು. ಶಾಶ್ವತ ಪರಿಹಾರ ಅಂದರೆ 3 ಮೀಟರ್ ಆಳದ ಎರಡು ಗುಂಡಿ, ನಡುವೆ 3 ಮೀಟರ್ ಅಂತರ, ಸುತ್ತ ಬೆಂಟೊನೈಟ್ ತುಂಬಿಸಿ, ಎರಡನ್ನೂ ಒಂದಕ್ಕೊಂದು ಜೋಡಿಸುವುದು. ತಡೆ 5 ಓಮ್ ಒಳಗೆ ಬರಬೇಕು, ಅಳೆದು ತೋರಿಸಲು ಹೇಳಿ.

ಇದರ ಬದಲು ಒಂದು ಅಡ್ಡದಾರಿ ಹಲವು ಕಡೆ ನಡೆಯುತ್ತಿದೆ. ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್‌ಗೆ ಒಂದು ತುಂಡು ವೈರ್ ಹಾಕಿಬಿಡುವುದು. ಕೆಂಪು ದೀಪ ಹಸಿರಾಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಮರದ ಕೊಂಬೆ ಬಿದ್ದು ಕಂಬದಲ್ಲಿ ನ್ಯೂಟ್ರಲ್ ತುಂಡಾದ ದಿನ, ಮನೆಯೊಳಗಿನ ಬಲ್ಬು, ಫ್ರಿಜ್ಜಿನ ಮೂಲಕ ಹಾದುಬಂದ 230 ವೋಲ್ಟ್ ಆ ತುಂಡು ವೈರಿನಿಂದ ನೇರ ಕಾರಿನ ಮೈಗೆ ಬರುತ್ತದೆ. ಲೈನಿನಲ್ಲಿ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನು ತಡೆಯುವುದು ಏನೂ ಇರುವುದಿಲ್ಲ. ಮಳೆಯಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರ ಗತಿ ಏನು? ಸಾಕೆಟ್ ಬಿಚ್ಚಿಸಿ, ಒಳಗೆ ಇಂಥ ತುಂಡು ಇಲ್ಲ ಅಂತ ಕಣ್ಣಾರೆ ನೋಡಿ.

ಡಿಬಿಯಲ್ಲಿ ಒಂದು ಪುಟ್ಟ ಸಬ್‌ಮೀಟರ್ ಕೂಡ ಹಾಕಿಸಿ. 35 ಕಿಲೋವ್ಯಾಟ್-ಅವರ್ ಬ್ಯಾಟರಿ 20ರಿಂದ 80 ಶೇಕಡಾಕ್ಕೆ ಬಂದರೆ ಒಳಗೆ ಹೋದದ್ದು 21 ಯೂನಿಟ್. ಸಬ್‌ಮೀಟರ್ 24–25 ತೋರಿಸಿದರೆ ಸರಿ. 27–28 ಬಂದರೆ ವೈರಿನಲ್ಲೋ ಸಾಕೆಟ್ಟಿನಲ್ಲೋ ಎಲ್ಲೋ ಬಿಸಿಯಾಗುತ್ತಿದೆ, ಅಥವಾ ಚಾರ್ಜ್ ಆಗುವಾಗ ಕಾರಿನ ಎಸಿ ಓಡಿದೆ.

ಗುಡ್ಡ, ಮಳೆ

ಚಿಕ್ಕಮಗಳೂರು ಪಟ್ಟಣದಿಂದ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಏರು 800 ಮೀಟರ್ ಮೀರಿದೆ. ಒಂದೂವರೆ ಟನ್ ಕಾರನ್ನು ಅಷ್ಟು ಎತ್ತುವುದಕ್ಕೇ ಸುಮಾರು 3.4 ಯೂನಿಟ್ ಬೇಕು, ಓಡುವ ಖರ್ಚು ಬೇರೆ. ಇಳಿಯುವಾಗ ಇದರಲ್ಲಿ ಒಂದು ಪಾಲು ರೀಜೆನ್‌ನಿಂದ (ಮೋಟಾರೇ ವೇಗ ತಗ್ಗಿಸುತ್ತ ಬ್ಯಾಟರಿ ತುಂಬಿಸುವುದು) ವಾಪಸ್ ಬರುತ್ತದೆ, ಬ್ಯಾಟರಿಯಲ್ಲಿ ಜಾಗ ಇದ್ದರೆ. ಗುಡ್ಡದ ಮೇಲಿನ ತೋಟದ ಮನೆಯವರು ರಾತ್ರಿ ನೂರಕ್ಕೆ ನೂರು ತುಂಬಿಸಿ ಬೆಳಿಗ್ಗೆ ಇಳಿಜಾರಿಗೆ ಬಿಟ್ಟರೆ ರೀಜೆನ್ ಕೆಲಸ ಮಾಡುವುದಿಲ್ಲ, ಪೂರ್ತಿ ಭಾರ ಬ್ರೇಕ್ ಪ್ಯಾಡ್ ಮೇಲೆ. ಮೇಲಿರುವವರು 85ಕ್ಕೆ ನಿಲ್ಲಿಸಿ, ಉಚಿತ ಯೂನಿಟ್ ದಾರಿಯಲ್ಲೇ ಸಿಗುತ್ತದೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇದ್ದರೆ ಶೇಕಡಾವಾರು ಲೆಕ್ಕ ತಪ್ಪದಿರಲು ಕಂಪನಿ ಹೇಳಿದಷ್ಟು ದಿನಕ್ಕೊಮ್ಮೆ ಪೂರ್ತಿ ತುಂಬಿಸಲೇಬೇಕು. ಅದನ್ನು ಮನೆಯಲ್ಲೇ ನಿಲ್ಲುವ ದಿನದ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಿ.

ಮುಂಗಾರಿಗೆ ಮೊದಲಿನ ಏಪ್ರಿಲ್–ಮೇ ಗುಡುಗು ಚಾರ್ಜರ್‌ಗಳಿಗೆ ಕೆಟ್ಟ ಕಾಲ. ಡಿಬಿಯಲ್ಲಿ ಒಮ್ಮೆಲೇ ಏರುವ ವೋಲ್ಟೇಜ್ ತಡೆಯುವ ಟೈಪ್-2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದರ ಕಿಟಕಿಯ ಹಸಿರು ಬಣ್ಣ ಕೆಂಪಾಗಿದ್ದರೆ ಒಳಗಿನ ತುಂಡು ಸತ್ತಿದೆ ಅಂತ, ಬದಲಿಸಬೇಕು. ಗುಡುಗು ಹತ್ತಿರ ಬಂದಾಗ ಪ್ಲಗ್ಗನ್ನು ಹಾಗೇ ಎಳೆಯಬೇಡಿ. ಮೊದಲು ಕಾರಿನ ಕಡೆಯಿಂದ ಚಾರ್ಜ್ ನಿಲ್ಲಿಸಿ ಗನ್ (ಕಾರಿಗೆ ಸಿಕ್ಕಿಸುವ ಹಿಡಿಕೆ) ತೆಗೆಯಿರಿ, ಆಮೇಲೆ ಎಂಸಿಬಿ ಆಫ್, ಕೊನೆಗೆ ಪ್ಲಗ್. ಗನ್ನಿನ ಬಾಯಿಗೆ ಮುಚ್ಚಳ ಹಾಕಿ, ಬಾಯಿ ಕೆಳಗೆ ಮಾಡಿ ಮೊಳೆಗೆ ನೇತುಹಾಕಿ. ಆಷಾಢದ ಶೀತಕ್ಕೆ ಒಳಗಿನ ಪಿನ್‌ಗಳು ಹಸಿರು ಹಿಡಿಯುವುದು ನೆಲದ ಮೇಲೆ ಬಿಟ್ಟ ಗನ್ನಿನಲ್ಲೇ.